ಮೂಡುಬಿದಿರೆಯ ಹಡಗು ಮತ್ತು ಹತ್ತು ಗಂಟೆಯ ಚಾ

ನಮ್ಮ ಹಡಗಿನ ಉದ್ದ ಅರವತ್ತೆರಡು ಹೆಜ್ಜೆ, ಅಗಲ ಹದಿನಾಲ್ಕು. ಹೆಜ್ಜೆ ನನ್ನದು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದವಳೂ ನಾನೇ. ಹಡಗು ನಿಂತದ್ದು ಮೂಡುಬಿದಿರೆ ಬಸ್ ಸ್ಟ್ಯಾಂಡಿನಿಂದ ರಿಕ್ಷಾದಲ್ಲಿ ಏಳು ನಿಮಿಷ ದೂರದ ಎರಡು ಮಹಡಿಯ ಕಟ್ಟಡದಲ್ಲಿ. ಅಲ್ಲಿಂದ ಸಮುದ್ರ ನೋಡಬೇಕಾದರೆ ಬಸ್ಸಿನಲ್ಲಿ ಒಂದು ಗಂಟೆ ಹೋಗಬೇಕು.

ಹಡಗಿನ ಕೆಲಸಕ್ಕೆ ಸೇರುವವರಿಗೆ ಭದ್ರತೆಯ ತರಬೇತಿ ಕೊಡುವ ಕೇಂದ್ರ ಅದು. ಕಡಲ್ಗಳ್ಳರು ಬಂದರೆ ಏನು ಮಾಡಬೇಕು, ಎಣ್ಣೆ ಹಡಗಿನಿಂದ ಎಣ್ಣೆ ಹೇಗೆ ಕದಿಯುತ್ತಾರೆ, ಯಾರನ್ನೂ ಒತ್ತೆಯಾಳಾಗಿ ಬಿಟ್ಟುಕೊಡದೆ ಒಳಗೆ ಸೇರಿಕೊಳ್ಳುವುದು ಹೇಗೆ ಎಂಬುದೆಲ್ಲ ಪಾಠ. ಪಾಠದ ಕೊನೆಗೆ ಒಂದು ಅಣಕು ದಾಳಿ. ಹತ್ತು ದಿನಗಳ ನಂತರ ಪರಿಶೀಲಕರೊಬ್ಬರು ಬಂದು ಅದನ್ನು ನೋಡುವವರಿದ್ದರು. ಅವರು ಒಪ್ಪಿದರೆ ಆ ಬ್ಯಾಚಿನ ಇಪ್ಪತ್ತೆರಡು ಜನರಿಗೆ ಸರ್ಟಿಫಿಕೇಟ್. ಒಪ್ಪದಿದ್ದರೆ ಇಪ್ಪತ್ತೆರಡೂ ಜನ ಬೇರೆ ಊರಿಗೆ ಹೋಗಿ ಮೊದಲಿನಿಂದ ಕಲಿಯಬೇಕು.

ಇಪ್ಪತ್ತೊಂದು ಜನರಿಗೆ ಅದು ಎರಡು ತಿಂಗಳ ನಷ್ಟ. ಗದಗ ಕಡೆಯ ಒಬ್ಬನಿಗೆ ಮಾತ್ರ ಕೆಲಸವೇ ಹೋಗುತ್ತಿತ್ತು. ಪಶ್ಚಿಮ ಆಫ್ರಿಕಾದ ಕಡೆ ಹೋಗುವ ಒಂದು ಎಣ್ಣೆ ಹಡಗಿಗೆ ಅವನು ಆಯ್ಕೆಯಾಗಿದ್ದ. ಸೇರುವ ದಿನ ಗೊತ್ತಾಗಿತ್ತು. ಸರ್ಟಿಫಿಕೇಟ್ ಇಲ್ಲದಿದ್ದರೆ ಜಾಗ ಇನ್ನೊಬ್ಬನಿಗೆ. ಆ ಪತ್ರವನ್ನು ಅವನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಊಟಕ್ಕೆ ಕುಳಿತಾಗ ತೆಗೆದು ಎಲೆಯಿಂದ ದೂರ ಇಡುತ್ತಿದ್ದ.

ನನ್ನ ಕೆಲಸ ಎಣಿಸಿ ಬರೆಯುವುದು. ಗಂಟೆ ಬಾರಿಸಿದ್ದು ಎಷ್ಟಕ್ಕೆ, ಯಾರು ಎಲ್ಲಿದ್ದರು, ಎಷ್ಟು ನಿಮಿಷದಲ್ಲಿ ಒಳಗೆ ಸೇರಿದರು. ನನಗೆ ಇದು ಹೊಸದಲ್ಲ. ನಾರಾವಿಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದರು ಎಂದು ಕಾಲೇಜಿನ ಕಾಲದಿಂದಲೂ ಬರೆದಿಟ್ಟಿದ್ದೇನೆ.

ಕೇಂದ್ರದ ಮುಖ್ಯಸ್ಥರು ನಿವೃತ್ತ ಕ್ಯಾಪ್ಟನ್, ಬಂಟ್ವಾಳದವರು. ದಿನ ಒಂದರಂದು ಅವರು ಅಂಗಳದಲ್ಲಿ ನಿಂತು ಹಡಗನ್ನು ಹಂಚಿದರು. ತಾರಸಿ ಅಂದರೆ ಹಡಗು ನಡೆಸುವ ಜಾಗ. ಪಶ್ಚಿಮಕ್ಕೆ ಇರುವ ಆಟದ ಬಯಲು ಅಂದರೆ ಸಮುದ್ರ. ಅಡುಗೆಕೋಣೆಯ ಆಚೆಗಿನ ದಿನಸಿ ಕೋಣೆಗೆ ಅವರು 'ಕೋಟೆ' ಎಂದು ಹೆಸರಿಟ್ಟರು.

"ಕಳ್ಳರು ಹಡಗು ಹತ್ತಿಯೇ ಬಿಟ್ಟರು ಅಂತಾದರೆ ಎಲ್ಲರೂ ಕೋಟೆಗೆ. ಒಳಗಿನಿಂದ ಚಿಲಕ. ನೀರು, ಊಟ, ರೇಡಿಯೊ ಒಳಗೇ ಇರಬೇಕು. ಎಲ್ಲರೂ ಒಳಗೆ ಇದ್ದಾರೆ ಅಂತ ಗೊತ್ತಾದರೆ ಮಾತ್ರ ನೌಕಾಪಡೆ ಹಡಗಿಗೆ ಹತ್ತುತ್ತದೆ. ಒಬ್ಬ ಹೊರಗೆ ಉಳಿದರೂ ಹತ್ತುವುದಿಲ್ಲ. ಆ ಒಬ್ಬನ ತಲೆಗೆ ಬಂದೂಕು ಇಟ್ಟರೆ ಮುಗಿಯಿತಲ್ಲ. ಹಾಗಾಗಿ ಲೆಕ್ಕ. ಲೆಕ್ಕ ತಪ್ಪಿದರೆ ಕೋಟೆ ಇಲ್ಲ."

ಹೀಗೆ ಹೇಳಿ ಅವರು ನನ್ನ ಕಡೆ ನೋಡಿದರು. ನಾನು ಪಟ್ಟಿ ಮಾಡಿದೆ. ತರಬೇತಿಗೆ ಬಂದವರು ಇಪ್ಪತ್ತೆರಡು, ಕ್ಯಾಪ್ಟನ್ ಸರ್ ಇಪ್ಪತ್ತಮೂರು, ನಾನು ಇಪ್ಪತ್ತನಾಲ್ಕು, ಅಡುಗೆಯ ಭಟ್ರು ಇಪ್ಪತ್ತೈದು. ಹಡಗಿಗೆ ಬಂದ ಅತಿಥಿಯೂ ಲೆಕ್ಕಕ್ಕೆ ಸೇರುತ್ತಾನಂತೆ. ಹಾಗಾಗಿ ಆ ದಿನಕ್ಕೆ ಪರಿಶೀಲಕರು ಇಪ್ಪತ್ತಾರು.

ಎಣ್ಣೆ ಹಡಗು ಅಂದಮೇಲೆ ಎಣ್ಣೆ ಬೇಕು. ಬಿ.ಸಿ. ರೋಡಿನ ಗುಜರಿಯಿಂದ ಆರು ಡ್ರಮ್ಮು ತರಿಸಿ, ನೀರು ತುಂಬಿಸಿ, ಮೇಲೆ 'ಕಚ್ಚಾ ತೈಲ' ಎಂದು ಬರೆಸಿದೆವು. ಮರುದಿನ ನೋಡಿದರೆ ಆರಕ್ಕೂ ಸಾಲುಸಾಲಾಗಿ ಇರುವೆ. ಹಿಂದೆ ಅದರಲ್ಲಿ ಬೆಲ್ಲದ ಕಾಕಂಬಿ ಇತ್ತಂತೆ. ಕಚ್ಚಾ ತೈಲಕ್ಕೆ ಇರುವೆ ಮುತ್ತಿದ ಹಡಗು ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು.

ದಿನ ಎರಡರಂದು ಮೊದಲ ಅಭ್ಯಾಸ. ತರಬೇತಿಯವರಲ್ಲೇ ಎಂಟು ಜನ ಕಳ್ಳರಾದರು. ನಿಜವಾದ ಕಳ್ಳರು ತುದಿಗೆ ಕೊಕ್ಕೆ ಇರುವ ಉದ್ದದ ಏಣಿ ತಂದು ಹಡಗಿನ ಬದಿಗೆ ಸಿಕ್ಕಿಸುತ್ತಾರೆ. ನಾವೂ ಒಂದು ಬಿದಿರಿನ ಏಣಿಗೆ ಕೊಕ್ಕೆ ಕಟ್ಟಿಸಿದ್ದೆವು. ಮೊದಲ ಕಳ್ಳ ನಾಲ್ಕನೇ ಮೆಟ್ಟಿಲಿಗೆ ಹೋಗಿ ಕೆಳಗೆ ನೋಡಿ, "ಸರ್, ತಲೆ ಸುತ್ತುತ್ತೆ" ಎಂದು ಅಲ್ಲೇ ಅಪ್ಪಿಕೊಂಡು ನಿಂತ. ಅವನ ಹಿಂದಿದ್ದವರು ಕೆಳಗೆ ಕುಳಿತು ನೀರು ಕುಡಿದರು. ಕೊನೆಗೆ ತಾರಸಿಯ ಮೇಲೆ ಕಾವಲಿದ್ದವರಿಗೇ ಪಾಪ ಅನಿಸಿತು.

ನನ್ನ ಡೈರಿಯಲ್ಲಿ ಹೀಗಿದೆ: ಹಡಗು ಹತ್ತಿದ ಕಳ್ಳರು ಮೂರು. ಅವರಲ್ಲಿ ಹಡಗಿನವರೇ ಕೈಕೊಟ್ಟು ಎಳೆದುಕೊಂಡವರು ಮೂರು.

ಕ್ಯಾಪ್ಟನ್ ಸರ್ ಅದನ್ನು ಓದಿ ಕನ್ನಡಕ ತೆಗೆದರು. "ಹೀಗಾದರೆ ಆಗ್ಲಿಕ್ಕಿಲ್ಲ. ಹತ್ತಲಿಕ್ಕೆ ಗೊತ್ತಿರುವವರು ಬೇಕು."

"ಹತ್ತುವವರು ನಮ್ಮ ಊರಿನಲ್ಲಿ ಇದ್ದಾರೆ ಸರ್" ಎಂದೆ.

ದಿನ ಮೂರು ರಜೆ. ನಾರಾವಿಯಲ್ಲಿ ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಅಡಿಕೆ ಮರ ಹತ್ತುವ ಒಬ್ಬರು ಅಣ್ಣ ಇದ್ದಾರೆ. ಅವರು, ಅವರ ಭಾವ, ಮತ್ತು ಇನ್ನೊಬ್ಬ ಉದ್ದನೆಯವನು, ಈ ಮೂವರದ್ದು ಒಂದು ತಂಡ. ಒಂದು ಮರ ಹತ್ತಿದರೆ ತೂಗಿ ತೂಗಿ ಪಕ್ಕದ ಮರಕ್ಕೆ ದಾಟುತ್ತಾರೆ. ಸಾಲು ಮುಗಿಯುವವರೆಗೆ ನೆಲ ಮುಟ್ಟುವುದಿಲ್ಲ. ಕೊಯ್ಲು ಶುರುವಾಗಲು ಇನ್ನೂ ಸಮಯವಿತ್ತು. ಅಣ್ಣ ಜಗಲಿಯಲ್ಲಿ ಕುಳಿತು ತಳೆ ಹೊಸೆಯುತ್ತಿದ್ದರು. ಮರ ಹತ್ತುವಾಗ ಎರಡೂ ಪಾದಕ್ಕೆ ಸೇರಿಸಿ ಹಾಕುವ ಹಗ್ಗದ ಬಳೆಗೆ ತಳೆ ಎನ್ನುತ್ತಾರೆ.

"ಅಣ್ಣ, ಒಂದು ವಾರ ಕಳ್ಳರಾಗಬೇಕಿತ್ತು."

"ಯಾರ ಮನೆಯಲ್ಲಿ?"

"ಹಡಗಿನಲ್ಲಿ."

"ಹಡಗು ಎಲ್ಲಿ ಉಂಟು?"

"ಮೂಡುಬಿದಿರೆಯಲ್ಲಿ."

ಅಣ್ಣ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಿನಗೆ ಜ್ವರ ಎಂತ ಇಲ್ಲ ಅಲ್ವಾ ತಂಗಿ?"

ಎಲ್ಲ ವಿವರಿಸಿದ ಮೇಲೆ ಒಪ್ಪಿದರು. ಷರತ್ತು ಅವರದ್ದು ಒಂದೇ, ಅದು ಎಲ್ಲ ತೋಟಗಳಲ್ಲೂ ಇರುವುದೇ. ಹತ್ತು ಗಂಟೆಗೆ ಚಾ ಮತ್ತು ತಿಂಡಿ, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಇನ್ನೊಂದು ಚಾ. "ಹತ್ತು ಅಂದರೆ ಹತ್ತು. ಅದೊಂದು ಆಚೀಚೆ ಆಗಬಾರದು" ಎಂದರು. ನಾನು ಇದನ್ನು ಬರೆದುಕೊಂಡೆ. ಸಮಯದ ಪುಟದಲ್ಲಿ ಬರೆಯಲಿಲ್ಲ. 'ಇತರೆ' ಎಂಬ ಪುಟದಲ್ಲಿ, ಬಸ್ಸಿನ ಚಿಲ್ಲರೆಯ ಕೆಳಗೆ ಬರೆದೆ. ಈ ಕಥೆಯಲ್ಲಿ ಏನಾದರೂ ತಪ್ಪು ಆಗಿದ್ದರೆ ಅದು ಅಲ್ಲಿ ಆಯಿತು.

ದಿನ ನಾಲ್ಕರಂದು ಮೂವರು ಬಂದರು. ಕ್ಯಾಪ್ಟನ್ ಸರ್ ಏಣಿ ತೋರಿಸಿದರು.

"ಇದು ಎಂತಕ್ಕೆ?" ಎಂದು ಭಾವ ಕೇಳಿದರು.

"ಹತ್ತಲಿಕ್ಕೆ."

"ಯಾರಿಗೆ?"

ಮೂವರೂ ಅದನ್ನು ಮುಟ್ಟಲೂ ಇಲ್ಲ. ಅಣ್ಣ ಕಟ್ಟಡದ ಸುತ್ತ ಒಂದು ಬಾರಿ ನಡೆದರು, ತಲೆ ಮೇಲೆತ್ತಿ, ಮರ ನೋಡುವ ಹಾಗೆ. ಪಶ್ಚಿಮದ ಗೋಡೆಯ ಮೇಲೆ ನಾವು ಮುಳ್ಳುತಂತಿ ಸುರುಳಿ ಹಾಕಿದ್ದೆವು. ನೀರಿನ ಪೈಪುಗಳು ಅಲ್ಲೇ ಇದ್ದವು. ಕಾವಲಿನ ಆರು ಜನ ದುರ್ಬೀನು ಹಿಡಿದು ಸಮುದ್ರವನ್ನು, ಅಂದರೆ ಆಟದ ಬಯಲನ್ನು, ನೋಡುತ್ತಿದ್ದರು. ಅಲ್ಲಿ ಎರಡು ದನ ಮೇಯುತ್ತಿದ್ದವು.

ಗಂಟೆ ಬಾರಿಸಿ ಎರಡು ನಿಮಿಷ ಹತ್ತು ಸೆಕೆಂಡು ಆಗಿತ್ತು. ಹಿಂದಿನಿಂದ "ಇಲ್ಲಿ ಕೂತ್ಕೊಳ್ಳಬಹುದಾ?" ಎಂಬ ಮಾತು ಕೇಳಿಸಿತು. ಅಣ್ಣ ಕ್ಯಾಪ್ಟನ್ ಸರ್ ಕುರ್ಚಿಯ ಬಳಿ ನಿಂತಿದ್ದರು. ಪೂರ್ವದ ಕಡೆ ಪಕ್ಕದ ಮನೆಯವರ ಒಂದು ಸಾಲು ಅಡಿಕೆ ಮರಗಳಿವೆ. ಸಾಲಿನ ತುದಿಯ ಮರ ಹತ್ತಿ, ತೂಗಿ ದಾಟುತ್ತಾ ಬಂದು, ಕೊನೆಯ ಮರವನ್ನು ಬಗ್ಗಿಸಿ ತಾರಸಿಗೆ ಇಳಿದಿದ್ದರು. ಮೂವರಿಗೂ ಉಸಿರು ಕೂಡ ಜೋರಾಗಿರಲಿಲ್ಲ.

"ಅಲ್ಲ ಮಾರಾಯ, ಸಮುದ್ರದಲ್ಲಿ ಅಡಿಕೆ ಮರ ಇರುತ್ತದಾ?" ಎಂದರು ಕ್ಯಾಪ್ಟನ್ ಸರ್.

"ಸಮುದ್ರ ನಾನು ನೋಡಿದ್ದು ಎರಡೇ ಸಲ. ಮರ ಕಾಣಲಿಲ್ಲ" ಎಂದರು ಅಣ್ಣ. "ಆದರೆ ನಿಮ್ಮ ಹಡಗಿನ ಬಗಲಲ್ಲಿ ಉಂಟಲ್ಲ. ನೀವು ಬೇಲಿ ಹಾಕಿದ್ದು ಕಳ್ಳ ಎಲ್ಲಿಂದ ಬರಬೇಕು ಅಂತ ನೀವು ಎಣಿಸಿದ ಕಡೆಗೆ."

ಕ್ಯಾಪ್ಟನ್ ಸರ್ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಎಲ್ಲರನ್ನೂ ತಾರಸಿಯಲ್ಲೇ ಕೂರಿಸಿ ಒಂದು ಹಳೆಯ ಸಂಗತಿ ಹೇಳಿದರು. ಹಿಂದೊಮ್ಮೆ ಅವರ ಹಡಗು ಬಂದರಿನ ಹೊರಗೆ ಕಾಯುತ್ತಿತ್ತಂತೆ. ದಿನವೂ ಕುಡಿಯುವ ನೀರು ತರುವ ದೋಣಿಯೊಂದು ಬಗಲಿಗೆ ಬಂದು ನಿಲ್ಲುತ್ತಿತ್ತು. ಎಲ್ಲರಿಗೂ ಪರಿಚಯ, ಕೈಬೀಸುತ್ತಿದ್ದರು. ಹಡಗಿನವರೆಲ್ಲ ದೂರದ ಸಮುದ್ರವನ್ನು ನೋಡುತ್ತಾ ಕಾವಲು ಕಾಯುತ್ತಿದ್ದಾಗ ಆ ದೋಣಿಯ ಮರೆಯಲ್ಲೇ ಇನ್ನೊಂದು ನಿಂತು, ಪೈಪು ಜೋಡಿಸಿ, ಎಣ್ಣೆ ಇಳಿಸಿಕೊಂಡು ಹೋಯಿತು. "ಎಣ್ಣೆ ಕದಿಯುವವನು ಬೊಬ್ಬೆ ಹಾಕಿಕೊಂಡು ಬರುವುದಿಲ್ಲ. ಬಗಲಿನಿಂದ ಬರುತ್ತಾನೆ. ನಾನು ಮೂವತ್ತು ವರ್ಷ ಹಡಗಿನಲ್ಲಿದ್ದು ಇಲ್ಲಿ ಬಂದು ಪುನಃ ಸಮುದ್ರದ ಕಡೆಗೇ ಬೇಲಿ ಹಾಕಿಸಿದೆ ನೋಡಿ" ಎಂದರು.

ಅಂದಿನಿಂದ ಪೂರ್ವಕ್ಕೂ ಒಬ್ಬ ಕಾವಲು. ಗದಗದವನು ತಾನಾಗಿಯೇ ಕೈ ಎತ್ತಿದ. ಅವನು ಆ ಅಡಿಕೆ ಸಾಲನ್ನು ನೋಡಿದ ಹಾಗೆ ತೋಟದ ಯಜಮಾನರೂ ನೋಡಿರಲಾರರು.

ದಿನ ಆರು ನೀರಿನದ್ದು. ಕಳ್ಳರು ಹತ್ತುವಾಗ ಬೆಂಕಿ ನಂದಿಸುವ ದಪ್ಪ ಪೈಪಿನಿಂದ ಜೋರಾಗಿ ನೀರು ಬಿಡುವುದು ಹಡಗುಗಳ ಕ್ರಮ. ನಾವು ಪಂಪು ಬಾಡಿಗೆಗೆ ತಂದೆವು. ಅಣ್ಣನ ತಂಡದವರು ಮಳೆಗಾಲವಿಡೀ ಮರದ ತುದಿಯಲ್ಲಿ ನೇತಾಡಿಕೊಂಡು ಅಡಿಕೆಯ ಕೊಳೆರೋಗಕ್ಕೆ ಪೈಪಿನಲ್ಲಿ ಮದ್ದು ಬಿಡುವವರು ಎಂಬುದನ್ನು ಯಾರೂ ಯೋಚಿಸಲಿಲ್ಲ. ಜೋರು ನೀರು ಅವರಿಗೆ ದಿನನಿತ್ಯದ್ದು. ಎರಡು ನಿಮಿಷದಲ್ಲಿ ಭಾವ ಪೈಪಿನ ತುದಿಯನ್ನೇ ಹಿಡಿದು ಕಸಿದುಕೊಂಡರು. ಪೈಪು ಕೈಗೆ ಸಿಕ್ಕಿದ ಮೇಲೆ ಅಭ್ಯಾಸ ಬಿಡುವುದಿಲ್ಲ. ಒಬ್ಬೊಬ್ಬರನ್ನೇ, ಅಡಿಕೆ ಗೊನೆಗೆ ಮದ್ದು ಬಿಡುವ ಹಾಗೆ, ಸುತ್ತಲೂ ತಿರುಗಿಸಿ ನೆನೆಸಿದರು.

"ಅಡಿಯಿಂದ ಬಿಡಬೇಕು. ಮೇಲಿನಿಂದ ಬಿಟ್ಟರೆ ಒಳಗೆ ಇಳಿಯುವುದಿಲ್ಲ" ಎಂದು ನಡುವೆ ಪಾಠವನ್ನೂ ಹೇಳಿದರು.

ಒದ್ದೆಯಾದವರು ಹತ್ತೊಂಬತ್ತು. ಒದ್ದೆಯಾದ ಕಳ್ಳರು ಸೊನ್ನೆ. ಗದಗದವನ ಪತ್ರ ಒದ್ದೆಯಾಗಿರಲಿಲ್ಲ, ಕವರು ಹಾಕಿದ್ದ.

ಹೀಗೆ ಸೋಲುತ್ತಾ ಸೋಲುತ್ತಾ ನಮ್ಮವರು ಕಲಿತರು. ಪೈಪನ್ನು ಇಬ್ಬರು ಹಿಡಿಯಬೇಕು ಎಂದು ಕಲಿತರು. ಕಳ್ಳ ಕಂಡ ಕೂಡಲೇ ಓಡಬೇಕು, ತಾರಸಿಗೆ ಇಳಿದ ಮೇಲೆ ಅಲ್ಲ ಎಂದು ಕಲಿತರು. ಏಳರಿಂದ ಒಂಬತ್ತನೇ ದಿನದವರೆಗೆ ಕೋಟೆಗೆ ಓಡುವ ಅಭ್ಯಾಸ ನಾಲ್ಕು ಬಾರಿ ನಡೆಯಿತು. ಮೊದಲನೆಯದು ಐದು ನಿಮಿಷ ಐವತ್ತು ಸೆಕೆಂಡು. ಕೊನೆಯದು ಮೂರು ನಿಮಿಷ ನಲವತ್ತು. ನಾಲ್ಕೂ ಬಾರಿ ತಲೆಲೆಕ್ಕ ಇಪ್ಪತ್ತೈದಕ್ಕೆ ಇಪ್ಪತ್ತೈದು. ನಾನು ನಾಲ್ಕೂ ಲೆಕ್ಕದ ಕೆಳಗೆ ಎರಡೆರಡು ಗೆರೆ ಎಳೆದೆ. ಆ ನಾಲ್ಕೂ ಅಭ್ಯಾಸಗಳು ನಡೆದದ್ದು ಹನ್ನೊಂದಕ್ಕೆ ಅಥವಾ ಮೂರಕ್ಕೆ ಎಂಬುದನ್ನು ಗಮನಿಸಲಿಲ್ಲ. ಬರೆದಿದ್ದೆ. ಗಮನಿಸಲಿಲ್ಲ.

ದಿನ ಹತ್ತು. ಪರಿಶೀಲಕರು ಒಂಬತ್ತೂವರೆಗೆ ಬಂದರು. ಬೆಂಗಳೂರು ಕಡೆಯವರು, ಇಸ್ತ್ರಿಯ ಅಂಗಿ, ಮಾತು ಕಡಿಮೆ. "ಮಧ್ಯಾಹ್ನ ನಂಗೆ ಇನ್ನೊಂದು ಕಡೆ ಕೆಲಸ ಇದೆ. ಈಗ್ಲೇ ಶುರು ಮಾಡ್ಬಿಡಿ" ಎಂದರು. ಒಂಬತ್ತು ಐವತ್ತನಾಲ್ಕಕ್ಕೆ ಗಂಟೆ ಬಾರಿಸಿದೆವು.

ಎಲ್ಲ ಚೆನ್ನಾಗಿಯೇ ಆಯಿತು. ಗದಗದವನು ಅಡಿಕೆ ಸಾಲಿನ ಮೂರನೇ ಮರದಲ್ಲೇ ಕಳ್ಳರನ್ನು ಕಂಡು ಕೂಗಿದ. ಪೈಪನ್ನು ಇಬ್ಬಿಬ್ಬರು ಹಿಡಿದು ನಿಂತರು. ಈ ಬಾರಿ ಭಾವನಿಗೆ ಕಸಿಯಲಾಗಲಿಲ್ಲ. ಕಳ್ಳರು ತಾರಸಿಗೆ ಇಳಿಯುವ ಮೊದಲೇ ಎಲ್ಲರೂ ಮೆಟ್ಟಿಲಿಳಿದು ದಿನಸಿ ಕೋಣೆಗೆ ಓಡಿ ಚಿಲಕ ಹಾಕಿದೆವು. ಪರಿಶೀಲಕರೂ ನಮ್ಮೊಡನೆ ಓಡಿದರು. ಬೆಳ್ತಿಗೆ ಅಕ್ಕಿಯ ಮೂಟೆ, ಈರುಳ್ಳಿ ಚೀಲ, ತೆಂಗಿನಕಾಯಿಯ ರಾಶಿ. ಪರಿಶೀಲಕರಿಗೆ ರಾಶಿಯ ಮೇಲೆ ಜಾಗ ಸಿಕ್ಕಿತು. ಗಂಟೆ ಒಂಬತ್ತು ಐವತ್ತೆಂಟು.

ನಾನು ಎಣಿಸಿದೆ. ಇಪ್ಪತ್ತೈದು. ಬಾಗಿಲಿನ ಕಡೆಯಿಂದ ಪುನಃ ಎಣಿಸಿದೆ. ಇಪ್ಪತ್ತೈದು. ಹೆಸರು ಕರೆದೆ. ಭಟ್ರ ಹೆಸರಿಗೆ ಯಾರೂ ಓ ಎನ್ನಲಿಲ್ಲ.

ಆಗ ಗೋಡೆಯ ಮೇಲಿನ ಗವಾಕ್ಷಿಯಿಂದ ಅಡುಗೆಕೋಣೆಯ ಮಾತು ಕೇಳಿಸಿತು.

"ಎಲ್ಲರೂ ಎಲ್ಲಿಗೆ ಹೋದ್ರು ಭಟ್ರೇ?" ಅದು ಅಣ್ಣ.

"ಓಡಿದ್ರು. ನಿಮ್ಮ ಹೆದರಿಕೆಗೆ." ಇದು ಭಟ್ರು. ಕನ್ಯಾನದವರು, ಅರವತ್ತು ದಾಟಿದವರು, ಗಟ್ಟಿ ಸ್ವರ.

"ನೀವು ಓಡ್ಲಿಲ್ವಾ?"

"ಬನ್ಸ್ ಎಣ್ಣೆಯಲ್ಲಿ ಉಂಟು. ಅದನ್ನು ಬಿಟ್ಟು ಓಡುವುದು ಹೇಗೆ? ಮತ್ತೆ, ಹತ್ತು ಗಂಟೆ ಆಯ್ತಲ್ಲ, ನೀವು ಬರುವ ಹೊತ್ತು. ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೈ ತೊಳೆದ್ರಾ?"

ಕೋಟೆಯೊಳಗೆ ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು ಬಾಳೆಹಣ್ಣಿನ ಹಿಟ್ಟಿನ ಬನ್ಸ್ ಕರಿಯುವ ಸದ್ದು ಕೇಳಿದೆವು.

ಕ್ಯಾಪ್ಟನ್ ಸರ್ ನನ್ನ ಹತ್ತಿರ ಸರಿದರು. ನೌಕಾಪಡೆಗೆ ಹೇಳುವ ಹಾಗೆ ರೇಡಿಯೊದಲ್ಲಿ ಲೆಕ್ಕ ಹೇಳಬೇಕಾದವಳು ನಾನು. ಅವರು ತುಳುವಿನಲ್ಲಿ, ತುಟಿ ಅಲ್ಲಾಡದ ಹಾಗೆ, "ಭಟ್ರು ತರಬೇತಿಯವರೂ ಅಲ್ಲ, ಕಲಿಸುವವರೂ ಅಲ್ಲ. ಅವರನ್ನು ಪಟ್ಟಿಯಿಂದ ಬಿಟ್ಟರೆ ಎಷ್ಟಾಗುತ್ತದೆ?" ಎಂದರು.

ಇಪ್ಪತ್ತೈದಕ್ಕೆ ಇಪ್ಪತ್ತೈದು ಆಗುತ್ತದೆ. ಅಷ್ಟು ಗಣಿತ ನನಗೆ ಬರುತ್ತದೆ. ಒಂದು ಗೆರೆ ಹೊಡೆದರೆ ಸಾಕು, ಕತ್ತಲೆ ಕೋಣೆ, ಯಾರಿಗೂ ಕಾಣುವುದಿಲ್ಲ. ಎದುರಿಗೆ ಗದಗದವನು ಮೂಟೆಗೆ ಒರಗಿ ಕಿಸೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ನನಗೆ ಬಂದ ಯೋಚನೆ ದೊಡ್ಡದೇನೂ ಅಲ್ಲ. ಇಂದು ಭಟ್ರನ್ನು ಬಿಟ್ಟರೆ ಹಿಂದಿನ ನಾಲ್ಕು ಲೆಕ್ಕಗಳೂ ಸುಳ್ಳಾಗುತ್ತವೆ, ಎರಡೆರಡು ಗೆರೆ ಎಳೆದಿದ್ದೇನೆ. ಅದರ ಹಿಂದೆಯೇ ಇನ್ನೊಂದು ಬಂತು. ಇವನು ಇನ್ನು ಕೆಲವು ವಾರಗಳಲ್ಲಿ ನಿಜವಾದ ಹಡಗಿನಲ್ಲಿ ಇರುತ್ತಾನೆ. ಅಡುಗೆಯವನು ಲೆಕ್ಕಕ್ಕೆ ಇಲ್ಲ ಎಂದು ಇಲ್ಲಿ ಕಲಿತು ಹೋಗುತ್ತಾನೆ.

"ಇಪ್ಪತ್ತಾರರಲ್ಲಿ ಇಪ್ಪತ್ತೈದು. ಒಬ್ಬರು ಹೊರಗೆ" ಎಂದು ರೇಡಿಯೊದಲ್ಲಿ ಹೇಳಿದೆ.

ಕ್ಯಾಪ್ಟನ್ ಸರ್ ಕಣ್ಣು ಮುಚ್ಚಿಕೊಂಡರು. ಪರಿಶೀಲಕರು ತೆಂಗಿನಕಾಯಿಯ ಮೇಲಿಂದ ಗದಗದವನನ್ನು ನೋಡಿದರು. "ಈಗ ಏನ್ ಮಾಡ್ತೀರಿ?"

"ಬಾಗಿಲಾ ತಗಿಯೂದಿಲ್ರೀ ಸರ್" ಎಂದ ಅವನು. "ತಗದ್ರ ಇಪ್ಪತ್ತಾರೂ ಹೋಗ್ತೈತ್ರಿ." ಆಮೇಲೆ ಮೆಲ್ಲಗೆ, "ಆದ್ರ ಭಟ್ರನ್ನ ಬಿಡಾಕೂ ಬರೂದಿಲ್ರೀ" ಎಂದ.

ಅಷ್ಟರಲ್ಲಿ ಬಾಗಿಲು ತಟ್ಟಿತು.

"ಬಾಗಿಲು ತೆಗೀರಿ ಮಕ್ಕಳೇ. ಬನ್ಸ್ ಬಿಸಿ ಇರುವಾಗ ತಿನ್ನಿ. ಪಾಪ, ಈ ಕಳ್ಳರೇ ತಟ್ಟೆ ಹಿಡಿದುಕೊಂಡು ಬಂದಿದ್ದಾರೆ."

ಬಾಗಿಲಿನ ಸಂದಿನಲ್ಲಿ ವಾಸನೆ ಒಳಗೆ ಬಂತು. ಯಾರೂ ಅಲ್ಲಾಡಲಿಲ್ಲ. ಒಬ್ಬನ ಹೊಟ್ಟೆ ಗುರ್ ಎಂದಿತು. ಆರು ನಿಮಿಷ ಹಾಗೆ ಕಳೆದವು. ಆಮೇಲೆ ಪರಿಶೀಲಕರು ಶಿಳ್ಳೆ ಊದಿ ಡ್ರಿಲ್ ನಿಲ್ಲಿಸಿದರು.

"ಇದು ಪಾಸ್ ಅಲ್ಲ" ಎಂದರು. ಬನ್ಸ್ ಮಾತ್ರ ಎರಡು ತಿಂದರು. ಮೂರನೆಯದನ್ನು ಕೈಯಲ್ಲಿ ಹಿಡಿದು, "ಲೆಕ್ಕ ನಿಜ ಹೇಳಿದ್ರಿ, ಬಾಗಿಲು ತೆಗೀಲಿಲ್ಲ. ಅದಕ್ಕೇ ಇನ್ನೊಂದು ಅವಕಾಶ ಕೊಡ್ತೀನಿ. ನಾಲ್ಕಕ್ಕೆ ವಾಪಸ್ ಬರ್ತೀನಿ. ನಾಲ್ಕೂಕಾಲಿಗೆ ನನ್ನ ಕಾರು ಹೊರಡುತ್ತೆ" ಎಂದರು.

ನಾಲ್ಕು. ಈ ಬಾರಿ ನಾನು 'ಇತರೆ' ಪುಟ ತೆಗೆದು ನೋಡಿದೆ.

ಹನ್ನೊಂದಕ್ಕೆ ಅಡುಗೆಕೋಣೆಯಲ್ಲಿ ಸಭೆ. ಕ್ಯಾಪ್ಟನ್ ಸರ್ ಭಟ್ರಿಗೆ ಖಡಾಖಂಡಿತವಾಗಿ ಹೇಳಿದರು, ಗಂಟೆ ಕೇಳಿದ ಕೂಡಲೇ ಒಲೆ ಆರಿಸಿ ಓಡಬೇಕು ಎಂದು.

"ಅದು ನನ್ನಿಂದ ಆಗ್ಲಿಕ್ಕಿಲ್ಲ" ಎಂದರು ಭಟ್ರು. "ಕೆಲಸದವರು ಚಾಕ್ಕೆ ಬರುವ ಹೊತ್ತಿಗೆ ನಾನು ಹೋಗಿ ಅಡಗಿ ಕೂತ್ಕೊಳ್ಳುವುದಾ? ಚಾ ತಪ್ಪಿಸಿದ ಮನೆ ಅಂತ ಹೆಸರು ಬಂದರೆ ಮತ್ತೆ ಆ ಮನೆಗೆ ಕೆಲಸಕ್ಕೆ ಯಾರು ಬರ್ತಾರೆ?"

"ಅವರು ಕಳ್ಳರು ಭಟ್ರೇ."

"ಕಳ್ಳರಾಗಿ ಕೆಲಸ ಮಾಡುವವರು. ಕೆಲಸ ಕೆಲಸವೇ."

ಚಾವನ್ನು ಮೂರೂವರೆಗೆ ಕೊಡುವ ಎಂದೆ. ಅಣ್ಣ ಒಪ್ಪಲಿಲ್ಲ. "ಮೂರೂವರೆಗೆ ಕೊಟ್ಟರೆ ಕುಡಿಯುವ. ಆದರೆ ಅದು ನಾಲ್ಕು ಗಂಟೆಯದ್ದು ಅಲ್ಲ. ನಾಲ್ಕು ಗಂಟೆಯದ್ದು ಬೇರೆ ಆಗಬೇಕಲ್ಲ." ಭಾವ ತಲೆ ಆಡಿಸಿದರು.

ನಾನು ಡೈರಿ ಬಿಡಿಸಿ ಕುಳಿತೆ. ಗಂಟೆ ಬಾರಿಸಿದಾಗ ಯಾರು ಕೋಟೆಯಿಂದ ಎಷ್ಟು ಹೆಜ್ಜೆ ದೂರದಲ್ಲಿದ್ದರು ಎಂಬ ಪಟ್ಟಿ ಇತ್ತು. ಎಲ್ಲರ ಜಾಗವೂ ಒಂದೊಂದು ದಿನ ಒಂದೊಂದು. ಗದಗದವನು ಒಮ್ಮೆ ಐವತ್ತೊಂದು, ಒಮ್ಮೆ ಮೂವತ್ತು. ಭಟ್ರದ್ದು ಪ್ರತಿ ಸಲವೂ ಹನ್ನೆರಡು. ಇಡೀ ಹಡಗಿನಲ್ಲಿ ಜಾಗ ಬದಲಾಗದವರು ಅವರೊಬ್ಬರೇ.

"ಸರ್, ಭಟ್ರು ಕೋಟೆಗೆ ಬರದಿದ್ದರೆ ಕೋಟೆಯನ್ನೇ ಭಟ್ರ ಹತ್ತಿರ ತರುವ" ಎಂದೆ.

ಹಡಗಿನಲ್ಲಿ ಹೀಗೆ ಇರುವುದಿಲ್ಲ ಎಂದು ಕ್ಯಾಪ್ಟನ್ ಸರ್ ಮೊದಲು ಹೇಳಿದರು. ಅಲ್ಲಿ ಕೋಟೆ ಕೆಳಗೆ, ಎಂಜಿನ್ನಿನ ಬಳಿ ಇರುತ್ತದಂತೆ. ಆಮೇಲೆ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. "ಎಲ್ಲಿ ಇರಬೇಕು ಅಂತ ಇಲ್ಲ ಇದರಲ್ಲಿ. ಎಂತೆಲ್ಲ ಇರಬೇಕು ಅಂತ ಉಂಟು."

ಒಂದೊಂದಾಗಿ ನೋಡಿದೆವು. ಗಟ್ಟಿ ಬಾಗಿಲು: ಅಡುಗೆಕೋಣೆಯದ್ದು ಕಬ್ಬಿಣದ್ದು, ದಿನಸಿ ಕೋಣೆಯದ್ದು ಹಲಸಿನ ಹಲಗೆಯದ್ದು. ನೀರು: ತೊಟ್ಟಿ ಉಂಟು. ಊಟ: ಕೇಳುವುದೇ ಬೇಡ. ಗ್ಯಾಸಿನ ಸಿಲಿಂಡರು ಹೊರಗೆ ಇತ್ತು, ಗಂಟೆ ಬಾರಿಸುವ ಮೊದಲೇ ಬಂದ್ ಮಾಡಬೇಕು; ಹಾಗಾಗಿ ಚಾ ಮೊದಲೇ ಕುದಿಸಿ ದೊಡ್ಡ ಫ್ಲಾಸ್ಕಿಗೆ ತುಂಬಿಸಿಡುವುದು. ಕಿಟಕಿಗೆ ಸರಳು ಇತ್ತು, ಆದರೆ ಗುಂಡು ತಡೆಯಲು ಏನಾದರೂ ಬೇಕಿತ್ತು. ಬೆಲ್ಲದ ವಾಸನೆಯ ಎರಡು ಡ್ರಮ್ಮು ಒಳಗೆ ತಂದು ಮರಳು ತುಂಬಿಸಿ ಅಡ್ಡ ಇಟ್ಟೆವು. ಇರುವೆಗಳೂ ಬಂದವು. ಎರಡು ಡ್ರಮ್ಮುಗಳ ನಡುವೆ ಒಂದು ಗೇಣು ಸಂದು ಉಳಿಯಿತು.

ಮೂರು ಐವತ್ತೈದಕ್ಕೆ ಪರಿಶೀಲಕರ ಕಾರು ಬಂತು. ಮೂರು ಐವತ್ತಾರಕ್ಕೆ ಗಂಟೆ. ಗದಗದವನು ಈ ಬಾರಿ ಎರಡನೇ ಮರದಲ್ಲೇ ಕಂಡ. ಎಲ್ಲರೂ ಓಡಿ ಬಂದು ಅಡುಗೆಕೋಣೆ ಸೇರಿದೆವು. ಭಟ್ರು ಕಲ್ಲಿನ ಕಟ್ಟೆಗೆ ಒರಗಿ, ಹೆಗಲ ಮೇಲಿನ ಬೈರಾಸಿನಿಂದ ಲೋಟ ಒರೆಸುತ್ತಿದ್ದರು, ಒಂದು ಹೆಜ್ಜೆಯೂ ಅಲ್ಲಾಡದೆ. ಚಿಲಕ ಬಿದ್ದದ್ದು ಮೂರು ಐವತ್ತೊಂಬತ್ತಕ್ಕೆ. ಎಣಿಸಿದೆ. ಇಪ್ಪತ್ತಾರು. ಹೆಸರು ಕರೆದೆ. ಭಟ್ರು "ಹೋ" ಎಂದರು, ತೋಟದಾಚೆ ಇರುವವರಿಗೆ ಕೇಳಿಸುವ ಹಾಗೆ.

ಹೊರಗೆ ಹೆಜ್ಜೆ ಕೇಳಿಸಿತು. ಬಾಗಿಲು ದೂಡಿದರು, ಜಗ್ಗಲಿಲ್ಲ. ಕಿಟಕಿಯ ಬಳಿ ಬಂದರು. ನಂತರ ಸಂದಿನಲ್ಲಿ ಅಣ್ಣನ ಅರ್ಧ ಮುಖ ಕಂಡಿತು.

"ಭಟ್ರೇ, ನಾಲ್ಕಾಯ್ತು."

ಕೋಟೆಯಲ್ಲಿ ಎಲ್ಲರೂ ಭಟ್ರನ್ನು ನೋಡಿದರು. ಭಟ್ರು ಬಾಗಿಲನ್ನು ನೋಡಿದರು, ಫ್ಲಾಸ್ಕನ್ನು ನೋಡಿದರು. ಅವರ ಕೈ ಒಮ್ಮೆ ಚಿಲಕದ ಕಡೆಗೆ ಹೋಯಿತು. ಗದಗದವನು ಚಿಲಕಕ್ಕೆ ಬೆನ್ನು ಕೊಟ್ಟು ನಿಂತ.

ಭಟ್ರು ನನ್ನ ಕಡೆ ತಿರುಗಿದರು. "ಮಗಾ, ಬಾಗಿಲು ತೆಗೆಯಬಾರದು ಅಂತ ಅಲ್ವಾ ಇರುವುದು? ಕೊಡಬಾರದು ಅಂತ ಎಲ್ಲಿಯಾದರೂ ಉಂಟಾ?"

ನಾನು ಪುಸ್ತಕ ತಿರುವಿದೆ. ಪೂರ್ತಿ ತಿರುವಿದೆ, ಅನುಬಂಧ ಸಮೇತ. ಪರಿಶೀಲಕರೂ ಕುತ್ತಿಗೆ ಚಾಚಿ ನೋಡಿದರು.

"ಇಲ್ಲ ಭಟ್ರೇ" ಎಂದೆ.

ಭಟ್ರು ಸಂದಿನಲ್ಲಿ ಒಂದೊಂದೇ ಲೋಟ ದಾಟಿಸಿದರು. "ಬಿಸಿ ಉಂಟು, ಜಾಗ್ರತೆ. ನಿಮ್ಮ ಭಾವನಿಗೆ ಸಕ್ಕರೆ ಕಮ್ಮಿಯದ್ದು ಇದು." ಹೊರಗೆ ಮೂವರು ಜಗಲಿಯಲ್ಲಿ ಸಾಲಾಗಿ ಕುಳಿತು ಕುಡಿಯುವ ಸದ್ದು ಕೇಳಿತು. ಒಳಗೂ ಲೋಟ ಬಂತು. ಹಡಗಿನ ಮೇಲೆ ಕಳ್ಳರು ಇದ್ದಾರೆ ಎಂಬುದನ್ನು ಐದು ನಿಮಿಷ ಯಾರೂ ನೆನಪು ಮಾಡಲಿಲ್ಲ.

ಪರಿಶೀಲಕರು ಲೋಟವನ್ನು ಡ್ರಮ್ಮಿನ ಮೇಲಿಟ್ಟು, ಇರುವೆ ಒರೆಸಿ, ವರದಿ ಬರೆದರು. ಅವರು ನಕ್ಕದ್ದು ಇಡೀ ದಿನದಲ್ಲಿ ಒಂದು ಸಲ, ಬರೆಯುವಾಗ. ನಕಲು ನನ್ನ ಬಳಿ ಇದೆ. 'ತಲೆಲೆಕ್ಕ ಪೂರ್ಣ. ಬಾಗಿಲು ತೆರೆದಿಲ್ಲ. ಹೊರಗಿನವರೊಂದಿಗೆ ಸಂಪರ್ಕ: ಚಹಾ ಮಾತ್ರ. ತೃಪ್ತಿಕರ.' ನಾಲ್ಕೂಕಾಲಿಗೆ ಕಾರು ಹೊರಟಿತು.

ಅಂದಿನ ಡೈರಿಯ ಕೊನೆಯ ಸಾಲು: ಒಳಗೆ ಇಪ್ಪತ್ತಾರು, ಹೊರಗೆ ಮೂರು, ಚಾ ಇಪ್ಪತ್ತೊಂಬತ್ತು.

ಗದಗದವನು ಸಮಯಕ್ಕೆ ಸರಿಯಾಗಿ ಹಡಗು ಸೇರಿದ. ಒಂಬತ್ತು ವಾರಗಳ ನಂತರ ಅವನಿಂದ ಒಂದು ಸಂದೇಶ ಬಂತು. ಬಂದರಿನ ಹೊರಗೆ ಕಾಯುತ್ತಿದ್ದಾಗ ಪರಿಚಯವಿಲ್ಲದ ಒಂದು ವೇಗದ ದೋಣಿ ಹತ್ತಿರ ಬಂದಿತಂತೆ, ಅದೂ ಎಣ್ಣೆ ಇಳಿಸುವ ದೋಣಿ ನಿಂತಿದ್ದ ಕಡೆಯಿಂದ. ಕಂಡವನು ಇವನೇ. ಡ್ರಿಲ್ ಅಲ್ಲ, ನಿಜವಾದ ಗಂಟೆ. ನಲವತ್ತು ನಿಮಿಷ ಕೋಟೆಯಲ್ಲಿದ್ದರು. ಹತ್ತಲು ನೋಡಿ, ಆಗದೆ, ದೋಣಿ ಹೊರಟುಹೋಯಿತು. 'ಮೇಡಂ, ಲೆಕ್ಕ ಪೂರ್ತಿ ಬಂತು. ಓಡುವಾಗ ನಾನು ಮೊದಲು ಅಡುಗೆಮನೆಗೇ ಹೋದೆ. ನಮ್ಮ ಭಟ್ರ ಹಂಗೇ ಆಗಿತ್ತು, ಕುಕ್ ಅನ್ನದ ಮುಂದೆ ನಿಂತುಬಿಟ್ಟಿದ್ದ. ಪಾತ್ರೆ ಸಮೇತ ಎತ್ತಿಕೊಂಡು ಬಂದೆ' ಎಂದು ಬರೆದಿದ್ದ.

ನಾನು ಅದನ್ನು ಎರಡು ಬಾರಿ ಓದಿ, ಅಡುಗೆಕೋಣೆಗೆ ಹೋಗಿ ಭಟ್ರಿಗೂ ಓದಿ ಹೇಳಿದೆ. ಭಟ್ರು ಸೌಟು ಕೆಳಗಿಟ್ಟು ಪೂರ್ತಿ ಕೇಳಿದರು. ಆಫ್ರಿಕಾ ಯಾವ ಕಡೆ ಎಂದು ಕೇಳಿದರು. ನಾನು ಆಟದ ಬಯಲಿನ ಕಡೆ ತೋರಿಸಿದೆ. ಅವರು ಆ ಕಡೆ ಸ್ವಲ್ಪ ಹೊತ್ತು ನೋಡಿದರು.

"ಅನ್ನ ಅಡಿ ಹಿಡಿಯಲಿಲ್ಲ ಅಲ್ವಾ ಅಂತ ಕೇಳು" ಎಂದರು.